ಶಿಲೆಯೂ ಗರಿಯೂ ಕಾಪಾಡಿದ ಹೆಸರುಗಳು

ಬಸದಿಯ ಪ್ರತಿಷ್ಠಾ ಮಹೋತ್ಸವವು ನೆರವೇರಿದಾಗ ದ್ರವ್ಯವಿತ್ತವರ ಹೆಸರುಗಳನ್ನು ಶಿಲಾಫಲಕದಲ್ಲಿ ಕೆತ್ತಿಸಿ ನಿಲ್ಲಿಸುವುದು ಜೈನ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಇದನ್ನು ಕೀರ್ತಿಯ ಆಸೆಯೆಂದು ಹಗುರವಾಗಿ ನುಡಿಯುವವರುಂಟು. ಆದರೆ ಈ ಪದ್ಧತಿಯು ಇಲ್ಲದಿದ್ದಲ್ಲಿ ಕರ್ನಾಟಕದ ಜೈನರ ಇತಿಹಾಸದಲ್ಲಿ ಅರಸರ ಯುದ್ಧಗಳ ಹೊರತು ಬೇರೇನು ಉಳಿಯುತ್ತಿತ್ತೆಂಬುದನ್ನು ಯೋಚಿಸಬೇಕು. ಅಂಗಡಿಯ ಕಿರ್ದಿಯಲ್ಲಿ ಬರೆಯದೆ ಬಿಟ್ಟ ಬಾಕಿಯು ವಸೂಲಾಗುವುದು ದುರ್ಲಭ. ಹಾಗೆಯೇ ಶಿಲೆಗಾಗಲಿ ತಾಳೆಗರಿಗಾಗಲಿ ಏರದ ಹೆಸರು ಎರಡು ತಲೆಮಾರು ಕಳೆಯುವಷ್ಟರಲ್ಲಿ ಮರೆತುಹೋಗುತ್ತದೆ. ಕವಿಗಳು, ರೂವಾರಿಗಳು, ಗ್ರಂಥಗಳನ್ನು ಬರೆಯಿಸಿದ ಶ್ರಾವಿಕೆಯರು, ಸಮಾಜದ ಪರವಾಗಿ ಅರಸರ ಮುಂದೆ ನಿಂತು ಬಿನ್ನೈಸಿದ ಸೆಟ್ಟಿಗಳು, ಇವರೆಲ್ಲರ ಬಾಳಿನ ಪರಿಚಯವು ಇಂದು ದೊರೆಯುತ್ತಿರುವುದು ಬೆಟ್ಟದ ಬಂಡೆಗಳಿಂದ ಮತ್ತು ಶ್ರುತಭಂಡಾರಗಳಲ್ಲಿ ವಸ್ತ್ರದಲ್ಲಿ ಸುತ್ತಿಟ್ಟ ಗರಿಯ ಕಟ್ಟುಗಳಿಂದ.

ಆದಿಕವಿ ಪಂಪನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕ್ರಿ.ಶ. ೯೪೧ರಲ್ಲಿ ಆದಿಪುರಾಣವನ್ನು ರಚಿಸಿದ ಈ ಮಹಾಕವಿಯು ತನ್ನ ವಂಶದ ವಿಷಯವನ್ನು ಕಾವ್ಯಗಳಲ್ಲಿ ಹೇಳಿಕೊಂಡಿದ್ದಾನೆ. ಆದರೆ ಅವನಿಗೆ ಜಿನವಲ್ಲಭನೆಂಬ ತಮ್ಮನಿದ್ದನೆಂಬ ಸಂಗತಿ ಅಲ್ಲೆಲ್ಲಿಯೂ ಇಲ್ಲ. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲಿರುವ ಶಾಸನವು ಈ ತಮ್ಮನನ್ನು ಬೆಳಕಿಗೆ ತಂದಿತು. ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿರುವ ಈ ಶಾಸನವನ್ನು ಬರೆಯಿಸಿದವನು ಜಿನವಲ್ಲಭನೇ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಆಕೆಯು ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳು ಎಂಬ ವಿವರಗಳೂ, ಅರಿಕೇಸರಿಯು ಪಂಪನಿಗೆ ಧರ್ಮಪುರವನ್ನಿತ್ತ ಸಂಗತಿಯೂ ಅದರಲ್ಲಿವೆ. ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಅದೇ ಬಂಡೆಯಲ್ಲಿ ಬಿಡಿಸಿದ ಈ ಸಹೋದರನು ತನಗಿಂತ ಹೆಚ್ಚಾಗಿ ಅಣ್ಣನ ಹಿರಿಮೆಯನ್ನೇ ಸಾರಿದ್ದಾನೆ. ಅಣ್ಣನ ಬಿರುದಾದ ಕವಿತಾಗುಣಾರ್ಣವವೆಂಬ ಹೆಸರನ್ನು ಅಲ್ಲಿಯ ಕೆರೆಗೆ ಇಟ್ಟಿರುವುದು ಒಡಹುಟ್ಟಿದವರ ಪ್ರೀತಿಗೆ ಸಾಕ್ಷಿ. ಕನ್ನಡದ ಆದಿಕವಿಯ ತಾಯಿಯ ಹೆಸರನ್ನು ಕನ್ನಡಿಗರಿಗೆ ತಿಳಿಸಿದ್ದು ತೆಲುಗು ನಾಡಿನ ಕಲ್ಲು.

ಕವಿಚಕ್ರವರ್ತಿ ರನ್ನನು ಮುದುವೊಳಲಿನ, ಎಂದರೆ ಈಗಿನ ಮುಧೋಳದ ಬಳೆಗಾರ ಕುಲದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಕುಲವೃತ್ತಿಯನ್ನು ಮರೆಮಾಚದೆ ಹೇಳಿಕೊಂಡಿರುವುದು ಅವನ ದೊಡ್ಡತನ. ಬಳೆಯ ಮಲಾರವನ್ನು ಹೊತ್ತ ಮನೆತನದ ಹುಡುಗನು ವಿದ್ಯೆಯನ್ನರಸಿ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯವನ್ನು ಪಡೆದು, ಚಾಳುಕ್ಯ ಚಕ್ರವರ್ತಿಯ ಆಸ್ಥಾನವನ್ನೇರಿದ ಕಥೆಯು ವ್ಯಾಪಾರಿಗಳ ಮನೆಯ ಮಕ್ಕಳಿಗೆ ಹೇಳತಕ್ಕದ್ದು. ಕ್ರಿ.ಶ. ೯೯೩ರಲ್ಲಿ ಅವನು ರಚಿಸಿದ ಅಜಿತಪುರಾಣವು ತೀರ್ಥಂಕರ ಚರಿತ್ರೆಯಾಗಿರುವಂತೆಯೇ ಅತ್ತಿಮಬ್ಬೆಯ ಜೀವನಚರಿತ್ರೆಯೂ ಆಗಿದೆ.

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಜೈನರಿಲ್ಲ. ಆಕೆಯ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಪುನ್ನಮಯ್ಯನು ಕಾವೇರೀ ತೀರದ ಕಾಳಗದಲ್ಲಿ ಮಡಿದನು. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೈಹಿಡಿದ ನಾಗದೇವನೂ ಅಕಾಲದಲ್ಲಿ ತೀರಿಕೊಂಡನು. ತಂಗಿಯು ಪತಿಯೊಡನೆ ಸಹಗಮನ ಮಾಡಿದಳು. ಅಕ್ಕನು ಉಳಿದಳು, ಮಗ ಅಣ್ಣಿಗದೇವನನ್ನು ಬೆಳೆಸಿದಳು, ವ್ರತನಿಯಮಗಳಲ್ಲಿ ದೇಹವನ್ನು ದಂಡಿಸಿಕೊಂಡು ಐಶ್ವರ್ಯವನ್ನು ದಾನಕ್ಕೆ ತೆತ್ತಳು. ಚಿತೆಯನ್ನೇರಿದ ತಂಗಿಗಿಂತ ಬದುಕುಳಿದು ಧರ್ಮಕಾರ್ಯಗಳನ್ನು ನಡೆಸಿದ ಅಕ್ಕನನ್ನು ಲೋಕವು ಸಾವಿರ ವರ್ಷಗಳಿಂದ ನೆನೆಯುತ್ತಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವೂ ಅಲ್ಲಿಯ ಕ್ರಿ.ಶ. ೧೦೦೭ರ ಶಾಸನವೂ ಇಂದಿಗೂ ಇವೆ.

ಆಕೆಯ ದಾನಗಳಲ್ಲಿ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕಾರ್ಯವು ಅತಿಶಯವಾದುದು. ಅಚ್ಚುಕೂಟದ ಹೆಸರನ್ನೂ ಅರಿಯದ ಆ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಂತಹ ಹವಣಿಕೆ! ಗರಿಗಳನ್ನು ಆಯ್ದು, ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆದು, ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿ ಪೂಸಿ ಒರೆಸಿ, ಮರದ ಹಲಗೆಗಳ ನಡುವೆ ಕಟ್ಟಬೇಕು. ಒಂದು ಮಹಾಕಾವ್ಯವನ್ನು ಬರೆದು ಮುಗಿಸಲು ಒಬ್ಬ ಲಿಪಿಕಾರನಿಗೆ ವಾರಗಳೇ ಬೇಕು. ಆ ಎಲ್ಲ ದಿನಗಳೂ ಅವನ ಸಂಸಾರದ ಅನ್ನವಸ್ತ್ರಗಳನ್ನು ನೋಡಿಕೊಳ್ಳಬೇಕು. ಲೆಕ್ಕ ಬಲ್ಲವರು ಈ ದಾನದ ಬೆಲೆಯನ್ನು ಊಹಿಸಿಕೊಳ್ಳಬಹುದು. ಚಿನ್ನದ ಬಿಂಬಗಳನ್ನು ಕಳ್ಳರು ಕರಗಿಸಬಲ್ಲರು, ಆದರೆ ಊರೂರಿಗೆ ಹಂಚಿಹೋದ ಗ್ರಂಥವನ್ನು ಯಾರೂ ಒಮ್ಮೆಗೇ ಅಳಿಸಲಾರರು. ಆಕೆ ಮಾಡಿಸಿ ಹಂಚಿದ ಸಾವಿರದೈನೂರು ಸುವರ್ಣ ಪ್ರತಿಮೆಗಳು ಎಲ್ಲಿ ಹೋದವೋ, ಶಾಂತಿಪುರಾಣವಾದರೋ ಉಳಿಯಿತು.

ಶ್ರವಣಬೆಳಗೊಳವನ್ನು ಶಾಸನಗಳ ಬೊಕ್ಕಸವೆಂದೇ ಕರೆಯಬೇಕು. ೧೮೮೯ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿಯ ೧೪೪ ಶಾಸನಗಳನ್ನು ಪ್ರಕಟಿಸಿದರು. ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ಆ ಸಂಖ್ಯೆ ೫೦೦ಕ್ಕೆ ಏರಿತು. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಸಂಪುಟದಲ್ಲಿ ೫೭೩ ಶಾಸನಗಳಿವೆ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಮೊದಲ್ಗೊಂಡು ಸಮಾಧಿಮರಣವನ್ನು ಸಾಧಿಸಿದ ಮುನಿಗಳ, ಆರ್ಯಿಕೆಯರ ಹೆಸರುಗಳು ಒಂದೆರಡು ಸಾಲುಗಳಲ್ಲಿ ಉಳಿದುಬಂದಿವೆ. ನಂದಿಸೇನ ಮುನಿಗಳ ಶಾಸನದಂತೆ ಕೆಲವು ಶ್ರೇಷ್ಠ ಕಾವ್ಯವೂ ಆಗಿವೆ. ನಾಗಮತಿಗಂತಿಯಂತಹ ಆರ್ಯಿಕೆಯರು ಲೋಕವನ್ನು ತ್ಯಜಿಸಿ ಹೋದವರು. ಅವರ ಹೆಸರನ್ನು ಲೋಕವು ಮಾತ್ರ ತ್ಯಜಿಸಲಿಲ್ಲ. ಹೊಯ್ಸಳರ ಕಾಲಕ್ಕೆ ಈ ಶಾಸನಗಳು ಉದ್ದವಾದವು, ಅಲಂಕಾರಮಯವಾದವು. ೧೧೨೩ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಪಟ್ಟಮಹಿಷಿ ಶಾಂತಲೆಯು ೧೧೩೧ರಲ್ಲಿ ಶಿವಗಂಗೆಯಲ್ಲಿ ಮುಡಿಪಿದ ವಿಷಯವೂ, ಆಕೆಯ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಒಂದು ತಿಂಗಳು ಅನಶನವಿದ್ದು ಸಲ್ಲೇಖನದಿಂದ ದೇಹವನ್ನು ಬಿಟ್ಟ ವಿಷಯವೂ ತಿಳಿಯಬಂದುದು ಇಲ್ಲಿಯ ಕಲ್ಲುಗಳಿಂದಲೇ.

ಈ ಶಾಸನಗಳ ಕೊನೆಯಲ್ಲಿ ಅಕ್ಷರಗಳನ್ನು ಕಡೆದ ರೂವಾರಿಗಳ ಹೆಸರುಗಳೂ ಅಲ್ಲಲ್ಲಿ ಇವೆ. ಗಂಗಾಚಾರಿ, ವರ್ಧಮಾನಾಚಾರಿ ಎಂಬವರು ಬಿರುದರೂವಾರಿಮುಖತಿಲಕರೆಂದು ಹೆಮ್ಮೆಯಿಂದ ಹೇಳಿಸಿಕೊಂಡಿದ್ದಾರೆ. ಅಕ್ಷರಗಳ ಗುಂಡನೆಯ ಅಂದವನ್ನು ಕಂಡವರು ಆ ಹೆಮ್ಮೆಯು ಸಲ್ಲತಕ್ಕದ್ದೆಂದು ಒಪ್ಪದಿರರು. ಆದರೆ ದೊಡ್ಡಬೆಟ್ಟದ ಗೊಮ್ಮಟೇಶ್ವರನ ಪಾದದ ಬಳಿಯ ಶಾಸನಗಳಲ್ಲಿ ಮಾಡಿಸಿದ ಚಾವುಂಡರಾಯನ ಹೆಸರಿದೆ, ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನ ಹೆಸರಿದೆ, ಬಂಡೆಯೊಳಗಿನಿಂದ ಆ ಮೂರ್ತಿಯನ್ನು ಹೊರತೆಗೆದ ಶಿಲ್ಪಿಯ ಹೆಸರಿಲ್ಲ. ಸುಮಾರು ೧೧೮೦ರಲ್ಲಿ ಬೊಪ್ಪಣ ಪಂಡಿತನು ಅದೇ ಮೂರ್ತಿಯನ್ನು ಕನ್ನಡ ಪದ್ಯಗಳಲ್ಲಿ ಸ್ತುತಿಸಿ ಶಿಲೆಯಲ್ಲಿ ಕೆತ್ತಿಸಿದನು. ಸ್ತುತಿಸಿದ ಕವಿಯು ಅಮರನಾದನು.

ಬೆಳಗೊಳದ ಶಾಸನಗಳಲ್ಲಿ ವರ್ತಕ ಸಮಾಜದವರು ವಿಶೇಷವಾಗಿ ಓದಿ ಮನನ ಮಾಡಬೇಕಾದುದು ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. ೧೩೬೮ರ ಶಾಸನ. ವಿಜಯನಗರದ ಒಂದನೆಯ ಬುಕ್ಕರಾಯನ ಆಳಿಕೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಪಂಚಮಹಾವಾದ್ಯಗಳೂ ಕಲಶವೂ ಜೈನ ದರ್ಶನಕ್ಕೆ ಸಲ್ಲುತ್ತವೆಯೇ ಇಲ್ಲವೇ ಎಂಬುದು ಪ್ರಶ್ನೆ. ಹೊರನೋಟಕ್ಕೆ ಸಣ್ಣ ವಿಷಯದಂತೆ ತೋರಬಹುದು. ಉತ್ಸವದ ವಾದ್ಯವನ್ನು ಬೀದಿಯಲ್ಲಿ ನಿಲ್ಲಿಸಿದರೆ ಸಮುದಾಯವೊಂದರ ಮಾನವು ಬೀದಿಯಲ್ಲಿ ನಿಲ್ಲುತ್ತದೆಂಬುದು ಅನುಭವಿಸಿದವರಿಗೆ ಗೊತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ಒಟ್ಟುಗೂಡಿ ಅರಸನಲ್ಲಿ ಬಿನ್ನೈಸಿದರು. ಆಯುಧವನ್ನು ಹಿಡಿಯಲಿಲ್ಲ, ಊರು ಬಿಟ್ಟು ಹೋಗಲಿಲ್ಲ. ಬುಕ್ಕರಾಯನು ಶ್ರೀವೈಷ್ಣವ ಮುಖ್ಯಸ್ಥರನ್ನೆಲ್ಲ ಕರೆಯಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ವಾದ್ಯಕಲಶಗಳು ಜೈನರಿಗೆ ಪೂರ್ವಮರ್ಯಾದೆಯಂತೆ ಸಲ್ಲತಕ್ಕವೆಂದೂ, ಜೈನರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೇ ಎಂದು ಬಗೆಯಬೇಕೆಂದೂ ಕಟ್ಟುಮಾಡಿದನು.

ತೀರ್ಪಿನಷ್ಟೇ ಸ್ವಾರಸ್ಯಕರವಾದುದು ಅದನ್ನು ನಡೆಯಿಸಲು ಮಾಡಿದ ಏರ್ಪಾಡು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ಅದನ್ನು ಸಂಗ್ರಹಿಸುವವರು ತಿರುಮಲೆಯ ತಾತಯ್ಯನವರು, ಎಂದರೆ ಶ್ರೀವೈಷ್ಣವರೇ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಜಗಳವಾಡಿದವರ ಕೈಯಲ್ಲಿಯೇ ಕಾವಲಿನ ಹೊಣೆಯನ್ನಿತ್ತ ಈ ಜಾಣ್ಮೆಯು ಮೆಚ್ಚತಕ್ಕದ್ದು. ಪ್ರತಿವರ್ಷ ಲೆಕ್ಕಕ್ಕಾಗಿ ಒಬ್ಬರ ಮನೆಯ ಬಾಗಿಲಿಗೆ ಇನ್ನೊಬ್ಬರು ಬರಲೇಬೇಕು. ಬಂದು ಹೋಗುವ ಸಂಬಂಧವಿರುವಲ್ಲಿ ವೈರವು ಬೇರೂರುವುದು ಕಷ್ಟ.

ಇಷ್ಟೆಲ್ಲ ಆದರೂ ಶಾಸನದ ಆಜ್ಞೆಯು ತಾನಾಗಿಯೇ ನಡೆಯುವುದಿಲ್ಲ. ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಸಿ, ಕಟ್ಟಳೆಯನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಅದೇ ಕಲ್ಲಿನ ಕೊನೆಯ ಸಾಲುಗಳು ತಿಳಿಸುತ್ತವೆ. ಆಗ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಎರಡು ಸಮಯದವರೂ ಎಂಬ ಮಾತನ್ನು ಒತ್ತಿ ಓದಬೇಕು. ತನ್ನವರ ಪರವಾಗಿ ವಾದಿಸಿದವನಿಗೆ ತನ್ನವರು ಪಟ್ಟಕಟ್ಟುವುದು ಲೋಕರೂಢಿ. ಎದುರುಪಕ್ಷದವರೂ ಸೇರಿ ಕಟ್ಟಿದ ಪಟ್ಟವು ಇತಿಹಾಸದಲ್ಲಿ ಅಪೂರ್ವ. ಈ ಸೆಟ್ಟಿಗೆ ದಂಡನಾಯಕರಂತೆ ಸೇನೆಯಿರಲಿಲ್ಲ, ಗಂಗರಾಜನಂತೆ ಪ್ರಶಸ್ತಿಪದ್ಯಗಳಿಲ್ಲ. ತಂದೆಯ ಹೆಸರು, ಊರಿನ ಹೆಸರು, ಮಾಡಿದ ಕೆಲಸ ಇಷ್ಟೇ ಅವನ ಚರಿತ್ರೆ. ಅವನ ಊರಾದ ಕಲ್ಲೆಹವೆಂದರೆ ಮಾಗಡಿಯ ಬಳಿಯ ಕಲ್ಯ. ಇದೇ ಶಾಸನದ ಇನ್ನೊಂದು ಪ್ರತಿಯು ಅಲ್ಲಿಯೂ ಇದೆ.

ಇದರ ಸಾಲಿಗೆ ಸೇರತಕ್ಕ ಇನ್ನೊಂದು ದಾಖಲೆ ೧೬೩೪ರದು. ಬೆಳಗೊಳದ ದೇವರ ಭೂಮಿಗಳು ಸಾಲಕ್ಕೆ ಅಡವಾಗಿ ಪೂಜೆಗೆ ಕುಂದುಂಟಾಗಿತ್ತು. ಮೈಸೂರಿನ ಚಾಮರಾಜ ಒಡೆಯರು ಅಡವು ಹಿಡಿದವರನ್ನು ಕರೆಯಿಸಿ, ಸಾಲವನ್ನು ತಾವೇ ತೀರಿಸುವುದಾಗಿ ನುಡಿದರು. ಆಗ ಸಾಲ ಕೊಟ್ಟಿದ್ದವರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ ಧಾರೆಯೆರೆದು ಅಡವಿನ ಪತ್ರಗಳನ್ನು ಬಿಟ್ಟುಕೊಟ್ಟರು. ಮುಂದೆ ದೇವರ ಭೂಮಿಯನ್ನು ಅಡವಿಡುವವರಿಗೂ ಅಡವು ಹಿಡಿಯುವವರಿಗೂ ನಿಷೇಧವನ್ನು ಬರೆಯಿಸಲಾಯಿತು. ಬರತಕ್ಕ ಹಣವನ್ನು ಅರಸನೇ ಕೊಡುವೆನೆಂದಾಗಲೂ ಬೇಡವೆಂದವರು ಅವರು.

ಶಿಲಾಲೇಖಗಳನ್ನು ಓದುವ ವಿದ್ಯೆಯೇ ಮರೆಯಾಗುತ್ತಿದ್ದ ಕಾಲವೊಂದಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ ಸಾಹೇಬನು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸತೊಡಗಿದನು. ಹಳಗನ್ನಡದ ಲಿಪಿಯನ್ನು ಅವನಿಗೆ ಓದಿ ಹೇಳಿದವರಲ್ಲಿ ಧರ್ಮಯ್ಯನೆಂಬ ಜೈನ ಪಂಡಿತನು ಪ್ರಮುಖನು. ೧೮೧೬ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೆಕೆಂಜಿಯ ವರ್ಣಚಿತ್ರವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಸಾಹೇಬನ ಪಕ್ಕದಲ್ಲಿ ತಾಳೆಗರಿಯನ್ನು ಹಿಡಿದು ನಿಂತವನು ಧರ್ಮಯ್ಯ. ದೂರದ ಬೆಟ್ಟದ ಮೇಲೆ ಗೊಮ್ಮಟಮೂರ್ತಿ. ಸಾಹೇಬನ ಸಂಗ್ರಹವು ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಯಿತು. ಓದಿ ಹೇಳಿದವನ ಮುಖವು ಆ ಚಿತ್ರದಿಂದಾಗಿ ಉಳಿಯಿತು. ಇದೇ ಕಾಲದ ಮಲೆಯೂರಿನ ದೇವಚಂದ್ರನು ಮೈಸೂರಿನ ರಾಣಿ ದೇವೀರಮ್ಮಣ್ಣಿಯವರ ಇಚ್ಛೆಯಂತೆ ರಾಜಾವಳೀ ಕಥೆಯನ್ನು ರಚಿಸಿ, ಬಾಯಿಂದ ಬಾಯಿಗೆ ಬಂದಿದ್ದ ಎಷ್ಟೋ ಸಂಗತಿಗಳನ್ನು ಗ್ರಂಥಸ್ಥ ಮಾಡಿದನು.

ತಾಳೆಗರಿಗಳ ಚರಿತ್ರೆಯಲ್ಲಿ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ವೃತ್ತಾಂತಕ್ಕೆ ಸಮನಾದುದು ಬೇರೊಂದಿಲ್ಲ. ಪುಷ್ಪದಂತ ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು ಕ್ರಿ.ಶ. ೮೧೬ರಲ್ಲಿಯೂ, ಜಿನಸೇನಾಚಾರ್ಯರು ಪೂರ್ಣಗೊಳಿಸಿದ ಜಯಧವಲಾ ೮೩೭ರಲ್ಲಿಯೂ ಮುಗಿದವು. ಇವುಗಳ ಹಳಗನ್ನಡ ಲಿಪಿಯ ಪ್ರತಿಗಳು ಮೂಡಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಂದವು. ಯಾತ್ರಿಕರು ಕೈಮುಗಿಯುತ್ತಿದ್ದರು, ಓದುವವರು ಇರಲಿಲ್ಲ. ೧೮೮೩ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ಮರುಗಿ, ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಇವರಿಬ್ಬರೂ ವ್ಯಾಪಾರಿಗಳು. ಇವರ ಪ್ರಯತ್ನದಿಂದ ೧೮೯೫-೯೬ರ ಸುಮಾರಿಗೆ ಪ್ರತಿ ಮಾಡುವ ಕೆಲಸವು ಮೊದಲಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ನಿಯುಕ್ತರಾದರು. ಕೆಲಸವು ನಡೆಯುತ್ತಿರುವಾಗಲೇ ಬ್ರಹ್ಮಸೂರಿ ಶಾಸ್ತ್ರಿಗಳು ಸ್ವರ್ಗಸ್ಥರಾದರು.

ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ನಿಯಮ. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದನ್ನು ಕೊಳ್ಳಲು ಸೊಲ್ಲಾಪುರ ಮುಂಬಯಿಗಳ ಮುಖಂಡರು ಒಪ್ಪಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದುಕೊಂಡರು. ಅಲ್ಲಿ ಅದರಿಂದ ನಾಗರೀ ಪ್ರತಿಗಳಾಗಿ, ಒಂದರಿಂದೊಂದು ಹುಟ್ಟಿ, ಉತ್ತರದ ಹಲವು ಊರುಗಳಿಗೆ ಹರಡಿದವು. ಅವುಗಳ ಆಧಾರದಿಂದ ಅಮರಾವತಿಯ ಪ್ರೊ. ಹೀರಾಲಾಲ್ ಜೈನರು, ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆ ಮೊದಲಾದ ವಿದ್ವಾಂಸರ ನೆರವಿನಿಂದ ಮೊದಲ ಸಂಪುಟವನ್ನು ೧೯೩೯ರಲ್ಲಿ ಪ್ರಕಟಿಸಿದರು. ೧೯೫೮ಕ್ಕೆ ಧವಲೆಯ ೧೬ ಸಂಪುಟಗಳು ಪೂರ್ಣವಾದವು.

ಗಜಪತಿ ದಂಪತಿಗಳು ಮಾಡಿದುದು ತಪ್ಪೋ ಸರಿಯೋ ಎಂಬ ಚರ್ಚೆಯು ಹಳೆಯದು. ಕೊಟ್ಟ ಮಾತನ್ನು ಮೀರಿದುದು ತಪ್ಪೇ. ಅಚೌರ್ಯವ್ರತವನ್ನು ದಿನವೂ ನೆನೆಯುವ ಸಮಾಜವು ಅದನ್ನು ಸರಿಯೆಂದು ಹೇಳಲಾರದು. ಆದರೆ ಆ ಪ್ರತಿಯಿಲ್ಲದಿದ್ದರೆ ಜಿನವಾಣಿಯು ಅಚ್ಚಾಗಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೆಂಬುದೂ ವಿಚಾರಣೀಯ. ಮೂಡಬಿದಿರೆಯವರನ್ನು ಸಂಕುಚಿತರೆಂದು ಜರೆಯುವುದೂ ನ್ಯಾಯವಲ್ಲ. ಏಳೆಂಟು ಶತಮಾನ ಗೆದ್ದಲು, ಮಳೆ, ಬೆಂಕಿಗಳಿಂದ ಆ ಗರಿಗಳನ್ನು ಕಾಪಾಡಿದವರು ಅವರೇ, ಬೇರೆಲ್ಲಿಯೂ ಉಳಿಯದ ಗ್ರಂಥವು ಉಳಿದದ್ದು ಅಲ್ಲಿಯೇ. ಮೊದಲ ಸಂಪುಟವು ಬಂದಮೇಲೆ ಅಲ್ಲಿಯ ಭಟ್ಟಾರಕರೂ ಪಂಚರೂ ಮೂಲದೊಡನೆ ಹೋಲಿಸಿ ನೋಡಲು ಅನುಮತಿಯನ್ನಿತ್ತರು. ಅಲ್ಲಿಯ ಲೋಕನಾಥ ಶಾಸ್ತ್ರಿಗಳು ಮೊದಲಾದವರು ಪಾಠಗಳನ್ನು ಒದಗಿಸಿದರು. ಇದರ ಬೆಲೆಯು ಬೇಗನೆ ತಿಳಿದುಬಂತು. ಮೊದಲ ಸಂಪುಟದ ೯೩ನೆಯ ಸೂತ್ರದಲ್ಲಿ ಸಂಜದ ಎಂಬ ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಸೂಚಿಸಿದ್ದರು. ಅದರ ಮೇಲೆ ಪಂಡಿತರಲ್ಲಿ ಬಹುದೊಡ್ಡ ವಿವಾದವೆದ್ದಿತು. ಮೂಡಬಿದಿರೆಯ ಗರಿಯನ್ನು ತೆರೆದು ನೋಡಿದಾಗ ಆ ಪದವು ಅಲ್ಲಿ ಇತ್ತು. ಪ್ರತಿಯಿಂದ ಪ್ರತಿಗೆ ಇಳಿಯುವಾಗ ಕಳೆದುಹೋದ ಮೂರಕ್ಷರಗಳನ್ನು ಮೂಲವು ಜತನವಾಗಿಟ್ಟಿತ್ತು.

ಆ ಗರಿಗಳನ್ನು ಬರೆಯಿಸಿದವರು ಯಾರು? ಮಹಾಬಂಧದ ಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಧವಲೆಯ ಪ್ರತಿಯನ್ನು ದೇಮಿಯಕ್ಕನೆಂಬ ಶ್ರಾವಿಕೆಯು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಇತ್ತಳು. ಶುಭಚಂದ್ರರು ೧೧೨೩ರಲ್ಲಿ ಮುಡಿಪಿದ ವಿಷಯವು ಶ್ರವಣಬೆಳಗೊಳದ ಶಾಸನದಲ್ಲಿದೆ. ಅದೇ ಬೆಳಗೊಳದಲ್ಲಿ ಗಂಗರಾಜನ ಪತ್ನಿ ಲಕ್ಕಲೆಯ ಸೋದರಿಯೂ, ಅರಸರಿಂದ ಮನ್ನಣೆ ಪಡೆದ ಚಾಮುಂಡನೆಂಬ ವ್ಯಾಪಾರಿಯ ಪತ್ನಿಯೂ ಆದ ದೇಮತಿಯ ನಿಸಿಧಿ ಶಾಸನವಿದೆ. ಆಕೆಯು ೧೧೨೦ರಲ್ಲಿ ಸಮಾಧಿಯಿಂದ ದೇಹವನ್ನು ಬಿಟ್ಟಳು. ಗರಿಯ ದೇಮಿಯಕ್ಕನೂ ಕಲ್ಲಿನ ದೇಮತಿಯೂ ಒಬ್ಬಳೇ ಎಂದು ಧವಲೆಯ ಸಂಪಾದಕರು ಗುರುತಿಸಿದ್ದಾರೆ. ಕಲ್ಲು ಒಂದೆಡೆ, ಗರಿ ಇನ್ನೊಂದೆಡೆ, ನಡುವೆ ಘಟ್ಟಗಳು. ಎಂಟುನೂರು ವರ್ಷಗಳ ತರುವಾಯ ಎರಡನ್ನೂ ಒಟ್ಟಿಗಿಟ್ಟು ಓದಿದಾಗ ಒಬ್ಬ ವರ್ತಕನ ಮಡದಿಯ ಬಾಳು ಹೀಗೆ ಪೂರ್ಣವಾಯಿತು.

ಈ ಧವಲೆಯ ಕೆಲವು ಗರಿಗಳ ಮೇಲೆ ಬಣ್ಣದ ಚಿತ್ರಗಳಿವೆ. ಎರಡು ಮೂರು ಅಂಗುಲ ಅಗಲದ ಗರಿಯಲ್ಲಿ ಜಿನಬಿಂಬ, ಯಕ್ಷಯಕ್ಷಿಯರು, ಕೈಮುಗಿದ ಶ್ರಾವಕ ಶ್ರಾವಿಕೆಯರು. ಕೆಂಪು, ಹಳದಿ, ನೀಲಿ ಬಣ್ಣಗಳು ಇನ್ನೂ ಮಾಸಿಲ್ಲ. ಹೊಯ್ಸಳರ ಕಾಲದ ಚಿತ್ರಕಲೆಯೆಂದು ತೋರಿಸಲು ನಾಡಿನಲ್ಲಿ ಉಳಿದಿರುವುದು ಮುಖ್ಯವಾಗಿ ಇವೇ. ಬರೆಯಿಸಿದವಳ ಹೆಸರು ಪ್ರಶಸ್ತಿಯಲ್ಲಿದೆ, ಪಡೆದ ಗುರುಗಳ ಹೆಸರಿದೆ. ಕುಂಚವನ್ನು ಹಿಡಿದವನು ತನ್ನ ಹೆಸರನ್ನು ಎಲ್ಲಿಯೂ ಬರೆದಿಲ್ಲ.